ವೇಣಿಯ ಹಳದಿ ಚೀಟಿ

ಪೀಣ್ಯ ಎರಡನೇ ಹಂತದಲ್ಲಿ ಲಾರಿಗಳು ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಹೋಗಲಾರದೆ ಹಾರ್ನ್ ಹೊಡೆಯುತ್ತ ನಿಲ್ಲುವ ಒಂದು ಅಡ್ಡರಸ್ತೆಯಿದೆ. ಆ ರಸ್ತೆಯ ಕೊನೆಗೆ ತಗಡಿನ ಸೂರಿನ ಒಂದು ವರ್ಕ್‌ಶಾಪು. ಒಳಗೆ ಹನ್ನೊಂದು ಯಂತ್ರ, ಮೂವತ್ತು ಜನ, ಎಣ್ಣೆಯ ವಾಸನೆ, ಕಾಲಿಟ್ಟಲ್ಲೆಲ್ಲ ಸುರುಳಿ ಸುರುಳಿ ಕಬ್ಬಿಣದ ಚೂರು. ಇದೆಲ್ಲದರ ನಟ್ಟನಡುವೆ, ಯಾರೋ ಮೀನಿನ ತೊಟ್ಟಿ ತಂದಿಟ್ಟ ಹಾಗೆ, ಒಂದು ಗಾಜಿನ ಕೋಣೆ. ಹೊರಗೆ ಬಿಸಿಲು ತಗಡನ್ನು ಸುಡುತ್ತಿರಲಿ, ಮಳೆ ಜಡಿಯುತ್ತಿರಲಿ, ಆ ಕೋಣೆಯೊಳಗೆ ಇಪ್ಪತ್ತೇ ಡಿಗ್ರಿ. ಅಲ್ಲಿ ಹದಿನಾಲ್ಕು ವರ್ಷದಿಂದ ಸ್ವೆಟರ್ ಹಾಕಿಕೊಂಡು ಕೂತಿರುವವಳು ವೇಣಿ. ಏಪ್ರಿಲ್ ತಿಂಗಳಲ್ಲಿ ಸ್ವೆಟರ್ ಒಗೆದು ಒಣಹಾಕುವ ಹೆಂಗಸು ಅವಳೊಬ್ಬಳೇ ಅಂತ ರಾಜಗೋಪಾಲನಗರದಲ್ಲಿ ಅವಳ ಬೀದಿಯವರು ನಗುತ್ತಾರೆ.

ಅವಳ ಕೆಲಸ ಅಳೆಯುವುದು. ಹೊರಗೆ ತಯಾರಾದ, ಪಿನ್ನು ತೂರಲು ನಡುವೆ ತೂತಿರುವ ಉಕ್ಕಿನ ಬುಷ್ಷು, ಉಂಗುರ, ಕೊಳವೆಯೆಲ್ಲ ಅವಳ ಮೇಜಿಗೆ ಬರಬೇಕು. ಕೋಣೆಯಲ್ಲೊಂದು ಅಳತೆ ಯಂತ್ರವಿದೆ. ಕರಿಕಲ್ಲಿನ ಹಾಸು, ಮೇಲಿನಿಂದ ಇಳಿಬಿದ್ದ ಒಂದು ಕಡ್ಡಿ, ಕಡ್ಡಿಯ ತುದಿಗೆ ಸಾಸಿವೆ ಕಾಳಿನಷ್ಟು ದಪ್ಪದ ಒಂದು ಕೆಂಪು ಮಣಿ. ಆ ಮಣಿ ಬುಷ್ಷಿನ ತೂತಿನೊಳಗೆ ಇಳಿದು, ನಾಲ್ಕು ಕಡೆ ಮೆಲ್ಲಗೆ ತಾಕಿ ಬರುತ್ತದೆ. ಪಕ್ಕದ ಕಂಪ್ಯೂಟರು ತೂತಿನ ಅಗಲ ಇಷ್ಟು ಅಂತ ಹೇಳುತ್ತದೆ. ಹೇಳುವುದು ಮೈಕ್ರಾನಿನಲ್ಲಿ. ಒಂದು ತಲೆಗೂದಲನ್ನು ಎಪ್ಪತ್ತು ಸೀಳು ಮಾಡಿದರೆ ಒಂದು ಸೀಳು ಎಷ್ಟೋ ಅಷ್ಟು.

ಅಳೆದಾದ ಮೇಲೆ ಚೀಟಿ ಕಟ್ಟುವುದು. ಸರಿಯಿದ್ದರೆ ಹಸಿರು. ತಿದ್ದಿದರೆ ಸರಿಹೋದೀತು ಅನ್ನುವುದಕ್ಕೆ ಹಳದಿ, ಅದು ರೀವರ್ಕಿಗೆ. ತಿದ್ದಲಾಗದ್ದಕ್ಕೆ ಕೆಂಪು, ಅದು ಗುಜರಿಗೆ. ಹಳದಿ ಚೀಟಿಯಲ್ಲಿ ಬರೆಯಲು ಎರಡೇ ಗೆರೆ. ಎರಡು ಸಲ ತಿದ್ದಿಯೂ ಸರಿಹೋಗದಿದ್ದರೆ ಮೂರನೇ ಸಲ ಬರೆಯಲು ಜಾಗವೇ ಇಲ್ಲ, ನೇರ ಕೆಂಪು ಡಬ್ಬ. ಮನೆಯಲ್ಲೂ ವೇಣಿಯದು ಇದೇ ಕಾಯಿದೆ. ಎರಡು ಸಲ ರಿಪೇರಿಯಾದ ಮಿಕ್ಸಿಯನ್ನು ಮೂರನೇ ಸಲ ಅಂಗಡಿಗೆ ಒಯ್ಯಲಿಲ್ಲ. ಎರಡು ಸಲ ಕ್ಷಮೆ ಪಡೆದಿದ್ದ ಗಂಡ ಮೂರನೇ ಸಲವೂ ಕುಡಿದು ಕೈಯೆತ್ತಿದಾಗ ಬಾಗಿಲು ತೆಗೆಯಲಿಲ್ಲ. ಅದಾಗಿ ಒಂಬತ್ತು ವರ್ಷವಾಯಿತು.

ಇಷ್ಟು ಗಟ್ಟಿ ಹೆಂಗಸಿಗೆ ಇಷ್ಟು ಗಟ್ಟಿತನ ಬಂದದ್ದು ಒಂದು ಉಂಗುರದಿಂದ. ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಶ್ಯಾಮಣ್ಣ ನಿವೃತ್ತಿಯಾಗುವ ದಿನ ಅವಳ ಕೈಗೊಂದು ಮರದ ಡಬ್ಬಿ ಕೊಟ್ಟಿದ್ದರು. ಒಳಗೆ ಉಕ್ಕಿನ ದಪ್ಪ ಉಂಗುರ. ಎಲ್ಲರೂ ಮಾಸ್ಟರ್ ರಿಂಗ್ ಅನ್ನುತ್ತಾರೆ. ಅದರ ತೂತು ಸರಿಯಾಗಿ ಇಪ್ಪತ್ತೈದು ಮಿಲಿಮೀಟರ್, ಕೂದಲೆಳೆಯ ಸೀಳಿನಷ್ಟೂ ಹೆಚ್ಚಿಲ್ಲ ಕಮ್ಮಿಯಿಲ್ಲ. "ಯಂತ್ರ ನಿಂಗೆ ಅಳತೆ ಹೇಳೋ ಮುಂಚೆ ನೀನು ಯಂತ್ರನ್ನ ಕೇಳ್ಬೇಕು ಕಣಮ್ಮ" ಅಂದಿದ್ದರು ಶ್ಯಾಮಣ್ಣ. "ಬೆಳಗ್ಗೆ ಮೊದ್ಲು ಈ ರಿಂಗ್ ಇಡು. ಇಪ್ಪತ್ತೈದು ಅಂದ್ರೆ ಅವತ್ತು ಅದರ ಮಾತು ಕೇಳು. ಬೇರೆ ಏನಾದ್ರೂ ಅಂದ್ರೆ ಅವತ್ತು ಅದು ಏನು ಹೇಳಿದ್ರೂ ಕೇಳ್ಬೇಡ." ಅಂಗೈಯಲ್ಲಿ ಹಿಡಿದರೆ ಮೈಶಾಖಕ್ಕೆ ಉಂಗುರ ಹಿಗ್ಗುತ್ತದೆ. ಹಾಗಾಗಿ ಕೈಗವಸು ಹಾಕಿ, ಬೆರಳ ತುದಿಯಲ್ಲಿ ಎತ್ತಿ ಕಲ್ಲಿನ ಮೇಲಿಡಬೇಕು. ಹದಿನಾಲ್ಕು ವರ್ಷದಲ್ಲಿ ಉಂಗುರವಿಡದೆ ವೇಣಿ ಒಂದೇ ಒಂದು ಬುಷ್ಷನ್ನೂ ಅಳೆದಿರಲಿಲ್ಲ.

ಇನ್ನು ಆ ಕಂಪ್ಯೂಟರಿನ ವಿಷಯ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ, ಅಳೆಯುತ್ತಿದ್ದ ಹಾಗೇ ಕಂಪ್ಯೂಟರು ತಾನಾಗಿ ನಿಂತು, ತಾನಾಗಿ ಎದ್ದು, ಅಪ್‌ಡೇಟ್ ಮಾಡಿಕೊಂಡಿತು. ಎದ್ದ ಮೇಲೆ ಅದಕ್ಕೆ ಅಳತೆ ಯಂತ್ರದ ಗುರುತೇ ಸಿಗಲಿಲ್ಲ. ಎರಡು ದಿನ ವರ್ಕ್‌ಶಾಪು ಸುಮ್ಮನೆ ಕೂತಿತು. ಮೂರನೇ ದಿನ ರಿಪೇರಿಯವನು ಬಂದು ಸರಿಮಾಡಿ ಹೋದ ಮೇಲೆ ವೇಣಿ ಗೋಡೆಯಿಂದ ಇಂಟರ್ನೆಟ್ ವೈರನ್ನು ಕಿತ್ತು, ಸುರುಳಿ ಸುತ್ತಿ, ತನ್ನ ಡ್ರಾಯರಿಗೆ ಹಾಕಿ ಬೀಗ ಜಡಿದಳು. ಬೀಗದ ಕೈಯನ್ನು ಮನೆಯ ಕೀಗೊಂಚಲಿಗೆ ಸೇರಿಸಿಕೊಂಡಳು. ಅಲ್ಲಿಂದಾಚೆಗೆ ರಿಪೋರ್ಟು ಪೆನ್‌ಡ್ರೈವಿನಲ್ಲಿ ಆಫೀಸಿಗೆ ಹೋಗುತ್ತಿತ್ತು. ಕಂಪ್ಯೂಟರು ತೆಪ್ಪಗಿತ್ತು. ವೇಣಿಯೂ ನೆಮ್ಮದಿಯಾಗಿದ್ದಳು.

ಅವಳ ಈ ನೆಮ್ಮದಿಯನ್ನು ಕೆಣಕುತ್ತಿದ್ದವಳು ಕೃಪಾ, ಮೇಲಿನ ಮನೆಯ ಬಾಡಿಗೆಯವಳು. ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ ಕೊಡುವುದು. ಅವಳದ್ದೂ ತನ್ನ ಜಾತಿಯ ಕೆಲಸವೇ ಅಂತ ವೇಣಿಗೆ ಅವಳ ಮೇಲೆ ಅಕ್ಕರೆ. ಭಾನುವಾರ ಟೆರೇಸಿನಲ್ಲಿ ಬಟ್ಟೆ ಒಣಹಾಕುವಾಗ ಇಬ್ಬರಿಗೂ ಇದೇ ಜಗಳ.

"ವೇಣಕ್ಕ, ನಿಮ್ ಫೋನು ಅಪ್‌ಡೇಟ್ ಕೇಳ್ತಾ ಇದೆ. ಒತ್ಲಾ?"

"ಮುಟ್ಬೇಡ ಕಣೇ. ಹೋದ್ ವಾರ ತಾನೆ ಒಂದು ಬಂದಿತ್ತು. ನಿಮ್ಮೋರಿಗೆ ಒಂದೇ ಸಲ ಸರಿಯಾಗ್ ಮಾಡಿ ಕಳ್ಸೋಕೇನು ದಾಡಿ?"

"ಇದು ನಾವು ಮಾಡಿದ್ದಲ್ಲ ಬಿಡಿ. ನಾವು ಮಾಡಿದ್ರೆ ವಾರಕ್ಕೆರಡು ಬರ್ತಿತ್ತು."

"ನಗು ನಗು. ನಮ್ಮಲ್ಲಿ ಎರಡು ಸಲ ರೀವರ್ಕಿಗೆ ಹೋದ ಪೀಸು ಮೂರನೇ ಸಲ ಕೆಂಪು ಡಬ್ಬಕ್ಕೆ. ನಿಮ್ದು ತಿಂಗ್ ತಿಂಗಳೂ ರೀವರ್ಕು. ಇದುನ್ನ ಜನ ದುಡ್ ಕೊಟ್ ತಗೋತಾರೆ."

ಕೃಪಾ ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪು ತೆಗೆದು ಸೀರೆಯ ಅಂಚಿಗೆ ಸಿಕ್ಕಿಸಿದಳು. "ನಿಮ್ ಬುಷ್ಷನ್ನ ಎಲ್ಲಿ ಒಡೀಬೋದು ಅಂತ ದಿನಾ ಬೆಳಗಾದ್ರೆ ಕಳ್ರು ಬಂದು ತಟ್ಟಿ ನೋಡ್ತಾರಾ? ನಮ್ದನ್ನ ನೋಡ್ತಾರೆ ಅಕ್ಕ. ಮಾಡ್ದಾಗ ಬೀಗ ಗಟ್ಟಿಯಾಗೇ ಇತ್ತು. ಕಳ್ಳ ಹೊಸ ಕೀಲಿ ಕಲ್ತ. ಬೀಗ ಬದಲಾಯಿಸ್ಬೇಕು. ಅಪ್‌ಡೇಟಲ್ಲಿ ಅರ್ಧ ಇಂಥದ್ದೇ."

"ಇನ್ನರ್ಧ?"

ಕೃಪಾ ಬಕೆಟ್ಟಿನಿಂದ ಇನ್ನೊಂದು ಬಟ್ಟೆ ತೆಗೆದು ಹಿಂಡಿದಳು. "ಇನ್ನರ್ಧ ನೀವು ಹೇಳಿದ್ದೇ. ಶುಕ್ರವಾರ ಕಳ್ಸ್ಬೇಕು ಅಂತ ಕೂತಿರ್ತಾರೆ. ನಾನು ಹನ್ನೆರಡು ತಪ್ಪು ತೋರಿಸ್ತೀನಿ. ನಾಲ್ಕು ಸರಿಮಾಡಿ ಕಳಿಸ್ರಿ, ಮಿಕ್ಕಿದ್ದು ಮುಂದಿನ ಅಪ್‌ಡೇಟಲ್ಲಿ ನೋಡ್ಕೊಳೋಣ ಅಂತಾರೆ."

"ಹೂಂ. ಗೇಟ್ ದಾಟಿದ್ ಮೇಲೂ ತಿದ್ದಬೋದು ಅಂದ್ರೆ ಗೇಟಿನೊಳಗೆ ಯಾರು ಕಣ್ಬಿಟ್ಟು ನೋಡ್ತಾರೆ" ಅಂದಳು ವೇಣಿ.

ಕೃಪಾ ಖಾಲಿ ಬಕೆಟ್ಟು ಎತ್ತಿಕೊಂಡಳು. ಗೆದ್ದೆ ಅನ್ನುವ ಖುಷಿಯಲ್ಲಿ ವೇಣಿ ಅವತ್ತು ಅವಳಿಗೆ ಮಧ್ಯಾಹ್ನದ ಮುದ್ದೆ ಸಾರು ಬಡಿಸಿದಳು.

ಇದು ಕಥೆಯ ಒಂದು ಕಡೆ. ಇನ್ನೊಂದು ಕಡೆ ಮಾಲೀಕ ರಾಜೇಂದ್ರ. ಅವನು ಪೀಣ್ಯ ಊರಿನವನೇ. ಇಂಡಸ್ಟ್ರಿಯಲ್ ಎಸ್ಟೇಟು ಬರುವ ಮೊದಲು ಅವರಪ್ಪ ರಾಗಿ ಬೆಳೆಯುತ್ತಿದ್ದ ಜಾಗದ ಆಸುಪಾಸಿನಲ್ಲೇ ಲೇತ್ ತಿರುಗಿಸುವುದು ಕಲಿತು, ಸ್ವಂತ ಶೆಡ್ಡು ಹಾಕಿದವನು. ಕೆಟ್ಟವನಲ್ಲ. ವೇಣಿ ಟೈಫಾಯ್ಡ್ ಬಂದು ಮೂರು ತಿಂಗಳು ಮಲಗಿದಾಗ ಅವಳ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸಲಿಲ್ಲ. ತಾನೇ ಸ್ವೆಟರ್ ಹಾಕಿಕೊಂಡು ಕೂತು ಅಳೆದ. ಅದನ್ನು ಅವನು ಯಾವತ್ತೂ ಎತ್ತಿ ಆಡಲಿಲ್ಲ. ಅವಳು ಯಾವತ್ತೂ ಮರೆಯಲಿಲ್ಲ. ಆ ಋಣವೇ ಮುಂದೆ ಅವಳ ಕೊರಳಿಗೆ ಬಂತು.

ಈ ವರ್ಷ ಕೆಲಸ ತೀರಾ ಕಮ್ಮಿಯಾಗಿತ್ತು. ಹನ್ನೊಂದರಲ್ಲಿ ನಾಲ್ಕು ಯಂತ್ರಕ್ಕೆ ಬಟ್ಟೆ ಹೊದಿಸಿಟ್ಟಿದ್ದರು. ಅಂಥ ಹೊತ್ತಿನಲ್ಲಿ ಜಿಗಣಿಯ ಕಡೆಯ ಒಂದು ಲಿಫ್ಟ್ ಕಂಪನಿ ರಾಜೇಂದ್ರನಿಗೆ ಸಿಕ್ಕಿತು. ಲಿಫ್ಟಿನ ಬ್ರೇಕಿಗೆ ಹಾಕುವ ಬುಷ್ಷು, ಮೊದಲ ಸಲಕ್ಕೆ ಇನ್ನೂರ ನಲವತ್ತು. ಒಪ್ಪಿಗೆಯಾದರೆ ವರ್ಷವಿಡೀ ಕೆಲಸ. ಬುಧವಾರ ಸಂಜೆ ನಾಲ್ಕಕ್ಕೆ ಟೆಂಪೋ ಹೊರಡಬೇಕು. ಪ್ರತಿ ಸರಕಿನ ಜೊತೆ ವೇಣಿಯ ಅಳತೆಯ ರಿಪೋರ್ಟು, ಕೆಳಗೆ ಅವಳ ಸಹಿ.

ಮಂಗಳವಾರ ವೇಣಿ ರಜ ಹಾಕಿ ಆನೇಕಲ್ಲಿನ ಅಕ್ಕನ ಮನೆಗೆ ನಾಮಕರಣಕ್ಕೆ ಹೋಗಿದ್ದಳು. ಅದೇ ದಿನ ಲಿಫ್ಟ್ ಕಂಪನಿಯಿಂದ ಫೋನು: ನಮಗೆ ಪೆನ್‌ಡ್ರೈವಿನ ರಿಪೋರ್ಟು ಬೇಡ, ಯಾರದೋ ಪೆನ್‌ಡ್ರೈವಿನಿಂದ ವೈರಸ್ ಬಂದು ಸಾಕಾಗಿದೆ, ಅಳತೆಯ ಕಂಪ್ಯೂಟರಿನಿಂದಲೇ ನೇರ ಕಳಿಸಿ. ವೈರು ಡ್ರಾಯರಿನಲ್ಲಿ, ಬೀಗದ ಕೈ ಆನೇಕಲ್ಲಿನಲ್ಲಿ. ರಾಜೇಂದ್ರ ಎದುರಿನ ಅಂಗಡಿಯಿಂದ ಹೊಸ ನೀಲಿ ವೈರು ತಂದು ತಾನೇ ಗೋಡೆಗೆ ಸಿಕ್ಕಿಸಿದ. ಕಂಪ್ಯೂಟರು ನಾಲ್ಕು ವರ್ಷದ ಮೇಲೆ ಹೊರಲೋಕ ಕಂಡಿತು. ಎಲ್ಲರೂ ಮನೆಗೆ ಹೋದ ಮೇಲೆ, ಕೇಳುವವರಿಲ್ಲದ ಹೊತ್ತಿನಲ್ಲಿ, ನಾಲ್ಕು ವರ್ಷದ ಬಾಕಿಯನ್ನೆಲ್ಲ ಒಟ್ಟಿಗೇ ಎಳೆದುಕೊಳ್ಳತೊಡಗಿತು.

ಬುಧವಾರ ಬೆಳಗ್ಗೆ ಎಂಟೂವರೆಗೆ ವೇಣಿ ಬಂದು, ಚಪ್ಪಲಿ ಹೊರಗೆ ಬಿಟ್ಟು, ಸ್ವೆಟರ್ ಹಾಕಿ, ಕೈಗವಸು ತೊಟ್ಟು, ಉಂಗುರವನ್ನು ಡಬ್ಬಿಯಿಂದ ಎತ್ತಿ ಕಲ್ಲಿನ ಮೇಲಿಟ್ಟಳು. ಆಮೇಲೆ ಪರದೆ ನೋಡಿದಳು. ನೀಲಿ ಪರದೆ. ಬಿಳಿ ಚುಕ್ಕಿಗಳ ಒಂದು ಚಕ್ರ ಸುತ್ತುತ್ತಿದೆ. ಅಪ್‌ಡೇಟ್ ನಡೆಯುತ್ತಿದೆ, ಶೇಕಡಾ ಆರು, ಆಫ್ ಮಾಡಬೇಡಿ.

ಗೋಡೆಯಲ್ಲಿ ನೀಲಿ ವೈರು ಕಂಡಿತು. ಉಂಗುರದ ಮೇಲೆ ಧೂಳು ಬೀಳದಿರಲಿ ಅಂತ ಒರೆಸುವ ಬಟ್ಟೆ ಮುಚ್ಚಿ ಕೂತಳು.

ಕೂತಳು ಅಂದರೆ ಕೂತೇ ಕೂತಳು. ಒಂಬತ್ತೂವರೆಗೆ ಶೇಕಡಾ ಮೂವತ್ತು. ಹತ್ತೂಕಾಲಿಗೆ ನೂರು. ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಪರದೆ ಕಪ್ಪಾಗಿ, ಮತ್ತೆ ನೀಲಿಯಾಗಿ, ಮತ್ತೆ ಶೇಕಡಾ ಸೊನ್ನೆ. ಎದ್ದು ಹೊರಗೆ ಹೋಗಿ ಬರೋಣವೆಂದರೆ ಬಾಗಿಲು ತೆಗೆದಷ್ಟೂ ಕೋಣೆ ಬಿಸಿಯಾಗುತ್ತದೆ. ಮತ್ತೆ ತಣ್ಣಗಾಗುವವರೆಗೆ ಅಳೆಯುವ ಹಾಗಿಲ್ಲ. ಗಾಜಿನಾಚೆ ಕ್ರೇಟುಗಳಲ್ಲಿ ಇನ್ನೂರ ನಲವತ್ತು ಬುಷ್ಷು ಎಣ್ಣೆ ಸವರಿಕೊಂಡು ಹೊಳೆಯುತ್ತಿದ್ದವು. ಲೇತಿನವರು ತಲೆಯೆತ್ತಿದಾಗಲೆಲ್ಲ ಇವಳನ್ನೇ ನೋಡುತ್ತಿದ್ದರು. ಇಪ್ಪತ್ತು ಡಿಗ್ರಿಯಲ್ಲೂ ಅವಳ ಬೆನ್ನು ಬೆವೆತಿತ್ತು.

ಕೃಪಾಗೆ ಫೋನು ಮಾಡಿದಳು.

"ಆಫ್ ಮಾಡ್ಬಿಡ್ಲೇನೇ?"

"ಅಯ್ಯೋ ಬೇಡ ಅಕ್ಕ. ಅರ್ಧದಲ್ಲಿ ಆಫ್ ಮಾಡಿದ್ರೆ ಏಳೋದೇ ಇಲ್ಲ. ಎಷ್ಟು ವರ್ಷದ್ದು ಬಾಕಿ?"

"ನಾಲ್ಕು."

ಆ ಕಡೆ ಕೃಪಾ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡದ್ದು ಕೇಳಿಸಿತು. "ತಿಂಗಳು ತಿಂಗಳೂ ಬಿಟ್ಟಿದ್ರೆ ಹತ್ತತ್ತು ನಿಮಿಷದ್ದು. ನೀವು ಕಟ್ಟೆ ಕಟ್ಟಿ ನಿಲ್ಲಿಸಿದ್ರಿ. ಈಗ ಕಟ್ಟೆ ಒಡೀತು. ಕಾಯ್ರಿ, ಬೇರೆ ದಾರಿ ಇಲ್ಲ."

ಹನ್ನೊಂದಕ್ಕೆ ಪ್ಯಾಕಿಂಗಿನ ಮುತ್ತಣ್ಣ ಗಾಜು ತಟ್ಟಿದ. ಕೊಪ್ಪಳದ ಕಡೆಯವನು, ವರ್ಕ್‌ಶಾಪಿನ ಹಿಂದಿನ ವಠಾರದಲ್ಲೇ ರೂಮು. ಒಳಗೆ ಚಹ ತರುವ ಹಾಗಿಲ್ಲವಾದ್ದರಿಂದ ಲೋಟವನ್ನು ಗಾಜಿಗೆ ಹಿಡಿದು ತೋರಿಸಿದ. ಅವಳು ತಲೆಯಾಡಿಸಿ ಬೇಡವೆಂದಳು. "ಅಕ್ಕಾರ, ಜೇಲಿನಾಗ ಮಂದೀನ ನೋಡಾಕ ಹೋದಂಗ ಆಗೇತ್ರಿ" ಅಂದ ಗಾಜಿನಾಚೆಯಿಂದ. ವೇಣಿಗೆ ನಗು ಬರಲಿಲ್ಲ.

ರಾಜೇಂದ್ರ ಬಾಗಿಲಲ್ಲೇ ನಿಂತ. ಅವನಿಗೂ ಗೊತ್ತು, ಒಳಗೆ ಬಂದರೆ ಶಾಖ.

"ಎಂಗಮ್ಮ ವೇಣಿ, ಇನ್ನೆಷ್ಟೊತ್ತು?"

"ಗೊತ್ತಿಲ್ಲ ಸಾರ್. ವೈರು ಯಾಕ್ ಹಾಕಿದ್ರಿ?"

"ಅವ್ರು ಕೇಳಿದ್ರು, ಆಕ್ದೆ. ನೀನು ಆ ವೈರ್‌ನ ಒಡವೆ ಇಟ್ಟಂಗೆ ಬೀಗ ಆಕಿ ಮಡ್ಗಿದ್ದೀಯ. ಆವಾಗಾವಾಗ ಬಿಟ್ಟಿದ್ರೆ ಇವತ್ತು ಇಂಗಾಯ್ತಿತ್ತಾ?"

ಅದು ನಿಜವೇ. ಅವಳು ಪರದೆಯ ಕಡೆ ತಿರುಗಿದಳು.

"ಸರಿ, ಒಂದ್ ಕೆಲ್ಸ ಮಾಡು. ಸನಿವಾರ ಮೊದಲ್ನೇ ಪೀಸು ನೀನೇ ಅಳೆದು ಸರಿ ಅಂದಿದ್ದೆ. ಅದೇ ಅಳತೇನ ರಿಪೋರ್ಟಿಗೆ ಬರ್ದು ಸೈನ್ ಆಕು. ಅದೇ ಮಿಸಿನ್ನು, ಅದೇ ಆಪರೇಟರ್ರು. ಎಲ್ಲಿಗೋಯ್ತದೆ ಅಳತೆ?"

"ಶನಿವಾರದ್ದು ಒಂದು ಪೀಸ್ ಸಾರ್. ಇದು ಇನ್ನೂರ ನಲವತ್ತು."

"ನಾಲ್ಕ್ ಗಂಟೆಗೆ ಟೆಂಪೋ" ಅಂದ ರಾಜೇಂದ್ರ. ಬಾಗಿಲು ಹಾಕಿಕೊಂಡು ಹೋದ. ಹೋಗುವಾಗ ಬಟ್ಟೆ ಹೊದ್ದ ಆ ನಾಲ್ಕು ಯಂತ್ರಗಳ ಪಕ್ಕ ಒಂದು ಗಳಿಗೆ ನಿಂತದ್ದು ಗಾಜಿನಿಂದ ಕಂಡಿತು. ಬೈದಿದ್ದರೆ ವೇಣಿಗೆ ಹಗುರವಾಗುತ್ತಿತ್ತು.

ಒಂದೂ ಹತ್ತಕ್ಕೆ ಚುಕ್ಕಿಗಳ ಚಕ್ರ ನಿಂತಿತು. ವೇಣಿ ಅಳತೆಯ ಸಾಫ್ಟ್‌ವೇರನ್ನು ತೆರೆದಳು. ಪರದೆಯ ನಡುವೆ ಒಂದು ಸಣ್ಣ ಚೌಕ ಎದ್ದಿತು: ಹಳೆಯ ಸೆಟ್ಟಿಂಗ್ ಸಿಗುತ್ತಿಲ್ಲ, ಕಂಪನಿಯ ಮೂಲ ಸೆಟ್ಟಿಂಗ್ ಬಳಸಲೇ? ಬೇರೆ ದಿನವಾಗಿದ್ದರೆ ಎರಡು ಸಲ ಓದುತ್ತಿದ್ದಳು. ಅವತ್ತು ಗಾಜಿನಾಚೆ ಮೂವತ್ತು ಜನ ನೋಡುತ್ತಿದ್ದರು. ಹೂಂ ಅಂತ ಒತ್ತಿದಳು.

ಆಮೇಲೆ ಕೈ ಹಿಂದೆಂದೂ ಓಡದಷ್ಟು ಬೇಗ ಓಡಿತು. ಮುತ್ತಣ್ಣ ಕ್ರೇಟುಗಳಿಂದ ಅಲ್ಲೊಂದು ಇಲ್ಲೊಂದು ಆರಿಸಿ ಇಪ್ಪತ್ತು ಬುಷ್ಷು ತಂದುಕೊಟ್ಟ. ಕೋಣೆಯ ತಂಪಿಗೆ ಅವು ಹೊಂದಿಕೊಳ್ಳುವ ತನಕ ಕಾದು, ಒಂದೊಂದನ್ನೇ ಇಟ್ಟಳು. ತೂತು ಇಪ್ಪತ್ತೈದು ಮಿಲಿಮೀಟರಿಗಿಂತ ಒಂದು ಮೈಕ್ರಾನೂ ಕಮ್ಮಿಯಿರಬಾರದು, ಹೆಚ್ಚಿದ್ದರೆ ಇಪ್ಪತ್ತೊಂದು ಮೈಕ್ರಾನ್ ದಾಟಬಾರದು. ಮೊದಲನೆಯದು ನಾಲ್ಕು ಹೆಚ್ಚು. ಎರಡನೆಯದು ಏಳು. ಆಮೇಲಿನದು ಐದು. ಇಪ್ಪತ್ತಕ್ಕೆ ಇಪ್ಪತ್ತೂ ಸರಿ. ರಾಜೇಂದ್ರ ಗಾಜಿನಾಚೆಯಿಂದಲೇ ಅವಳ ಮುಖ ಓದಿ, ಟೆಂಪೋದವನಿಗೆ ಕೈ ಮಾಡಿದ. ಮುತ್ತಣ್ಣ ಪ್ಲಾಸ್ಟಿಕ್ ಹಾಳೆ ಕತ್ತರಿಸತೊಡಗಿದ.

ರಿಪೋರ್ಟು ಅಚ್ಚಾಗಿ ಬಂತು. ಮೂರು ಗಂಟೆ ಐದು ನಿಮಿಷ. ವೇಣಿ ಪೆನ್ನು ತೆಗೆದಳು. ಸಹಿಯ ಗೆರೆಯ ಮೇಲೆ ಪೆನ್ನಿನ ಮೊನೆ ಊರಿದಳು. ಹಾಗೇ ಮೊಣಕೈಯ ಪಕ್ಕ ಕಲ್ಲಿನ ಮೇಲೆ ಕಣ್ಣು ಬಿತ್ತು. ಒರೆಸುವ ಬಟ್ಟೆ. ಬಟ್ಟೆಯ ಕೆಳಗೆ ಗುಂಡಗೆ ಏನೋ ಉಬ್ಬಿತ್ತು.

ಉಂಗುರ. ಬೆಳಗ್ಗೆ ಇಟ್ಟದ್ದು ಹಾಗೇ ಇತ್ತು. ಅಳೆದಿರಲಿಲ್ಲ.

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.

ರಾಜೇಂದ್ರ ಬಾಗಿಲು ತೆಗೆದ. "ಇನ್ನೇನಮ್ಮ?"

"ರಿಂಗ್ ಇಟ್ಟಿಲ್ಲ ಸಾರ್."

"ನಾಳೆ ಇಕ್ಕು."

ಸಹಿ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು, ಇಪ್ಪತ್ತಕ್ಕೆ ಇಪ್ಪತ್ತೂ ಸರಿ ಅಂತ ಯಂತ್ರವೇ ಹೇಳಿತ್ತಲ್ಲ. ಆದರೆ ಆ ಯಂತ್ರವನ್ನು ಇವತ್ತು ಯಾರೂ ಕೇಳಿರಲಿಲ್ಲ. ವೇಣಿ ಪೆನ್ನು ಕೆಳಗಿಟ್ಟು ಬಟ್ಟೆ ಸರಿಸಿದಳು. ಕೆಂಪು ಮಣಿ ಉಂಗುರದೊಳಗೆ ಇಳಿಯಿತು. ನಾಲ್ಕು ಕಡೆ ತಾಕಿತು. ಇಪ್ಪತ್ತೈದರ ಮೇಲೆ ಒಂಬತ್ತು ಮೈಕ್ರಾನ್ ಅಂತ ಪರದೆ ಹೇಳಿತು. ಇನ್ನೊಂದು ಸಲ ಮಾಡಿದಳು. ಒಂಬತ್ತು. ಮೂರನೇ ಸಲ. ಒಂಬತ್ತು.

ಉಂಗುರ ಬೆಳೆಯುವ ವಸ್ತುವಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವುದು ಪರದೆ. ಅವಳಿಗೆ ಆ ಸಣ್ಣ ಚೌಕ ನೆನಪಾಯಿತು. ವರ್ಷಗಟ್ಟಲೆ ಉಕ್ಕನ್ನು ತಾಕಿ ತಾಕಿ ಕೆಂಪು ಮಣಿ ಒಂದಿಷ್ಟು ಸವೆದಿತ್ತು. ಎಷ್ಟು ಸವೆದಿದೆ ಅನ್ನುವುದನ್ನು ಆಗಾಗ ಲೆಕ್ಕ ಹಾಕಿ ಅವಳೇ ಸೆಟ್ಟಿಂಗಿನಲ್ಲಿ ಬರೆದಿಟ್ಟಿದ್ದಳು. ಅಪ್‌ಡೇಟು ಆ ಬರಹವನ್ನು ಎಲ್ಲೋ ಬೀಳಿಸಿಕೊಂಡಿತ್ತು. ಈಗ ಕಂಪ್ಯೂಟರು ಮಣಿ ಹೊಸದರಷ್ಟೇ ದಪ್ಪ ಇದೆ ಅಂದುಕೊಂಡು ಪ್ರತಿ ತೂತಿಗೂ ಒಂಬತ್ತು ಮೈಕ್ರಾನ್ ಜಾಸ್ತಿ ಸೇರಿಸಿ ಹೇಳುತ್ತಿದೆ. ಅಂದರೆ ನಾಲ್ಕು ಹೆಚ್ಚು ಅಂದದ್ದು ನಿಜಕ್ಕೂ ಐದು ಕಮ್ಮಿ. ಏಳು ಹೆಚ್ಚು ಅಂದದ್ದು ಎರಡು ಕಮ್ಮಿ. ಶನಿವಾರ ಹೊಸದಾಗಿದ್ದ ಕೊರೆಯುವ ಉಳಿ ಬುಷ್ಷಿನಿಂದ ಬುಷ್ಷಿಗೆ ಸವೆದ ಹಾಗೆ ತೂತುಗಳು ಕಿರಿದಾಗುತ್ತ ಬಂದಿದ್ದವು. ಇಪ್ಪತ್ತಕ್ಕೆ ಇಪ್ಪತ್ತೂ ಬಿಗಿ.

ಇದನ್ನೆಲ್ಲ ಅವಳು ರಾಜೇಂದ್ರನಿಗೆ ಹೇಳಿದಳು. ಲೇತ್ ತಿರುಗಿಸಿದವನು, ಅರ್ಧ ಹೇಳುವಾಗಲೇ ಅವನಿಗೆ ಪೂರ್ತಿ ಅರ್ಥವಾಗಿತ್ತು. ಒಳಗೆ ಬಂದು ಬಾಗಿಲು ಹಾಕಿದ. ಕೋಣೆ ಬಿಸಿಯಾದರೆ ಆಗಲಿ ಅಂತ ಇಬ್ಬರೂ ಬಿಟ್ಟರು.

"ಅವ್ರು ಅಲ್ಲಿ ತಿರ್ಗಾ ಅಳೀತಾರಾ?"

"ಇಲ್ಲ ಸಾರ್. ನಮ್ ರಿಪೋರ್ಟ್ ನಂಬ್ತಾರೆ."

"ಐದು ಮೈಕ್ರಾನು ವೇಣಿ. ಕಣ್ಣಿಗ್ ಕಾಣಲ್ಲ, ಕೈಗ್ ಸಿಗಲ್ಲ." ಅವನ ದನಿ ತೀರಾ ಇಳಿದಿತ್ತು. "ಇವತ್ತು ಕಳ್ಸಣ. ಏನಾದ್ರೂ ತೊಂದ್ರೆ ಅಂದ್ರೆ ಆಮೇಕೆ ನಾವೇ ಓಗಿ ಬದಲಾಯ್ಸಿ ಕೊಡಣ. ಈ ಕೆಲ್ಸ ಓದ್ರೆ ಇನ್ನೆರಡು ಮಿಸಿನ್ನಿಗೆ ಬಟ್ಟೆ ಒದಿಸ್ಬೇಕಾಯ್ತದೆ. ಯಾರ್ನ ಬೇಡ ಅನ್ಲಿ ನೀನೇ ಯೋಳು."

ವೇಣಿ ಗಾಜಿನಾಚೆ ನೋಡಿದಳು. ಮುತ್ತಣ್ಣ ಹಾಳೆ ಕತ್ತರಿಸುವುದನ್ನು ನಿಲ್ಲಿಸಿ ನಿಂತಿದ್ದ. ಟೆಂಪೋದವನು ಹಿಂಬಾಗಿಲು ತೆರೆದಿದ್ದ. ಪಕ್ಕದಲ್ಲಿ ಟೈಫಾಯ್ಡಿನ ದಿನಗಳಲ್ಲಿ ಸ್ವೆಟರ್ ತೊಟ್ಟು ಅವಳ ಕುರ್ಚಿಯಲ್ಲಿ ಕೂತಿದ್ದ ಮನುಷ್ಯ. ಹೊರಗೆ ಹೋಗಲು ಒಂದೇ ಬಾಗಿಲು, ಆ ಬಾಗಿಲಿಗೆ ಒರಗಿ ಅವನೇ ನಿಂತಿದ್ದ. ಅವಳಿಗೆ ಟೆರೇಸಿನ ಮಾತು ನೆನಪಾಯಿತು. ಇದೇ ಮಾತು. ಇವತ್ತು ಕಳಿಸಿ, ಮಿಕ್ಕಿದ್ದು ಆಮೇಲೆ. ಶುಕ್ರವಾರ ಕೃಪಾಳ ಎದುರು ಕೂತು ಹೀಗನ್ನುವವನೂ ಬಹುಶಃ ರಾಜೇಂದ್ರನ ಹಾಗೇ ಒಳ್ಳೆಯವನಿರಬೇಕು. ಅವನ ಬೆನ್ನ ಹಿಂದೆಯೂ ಮೂವತ್ತು ಜನ ನಿಂತಿರಬೇಕು.

"ಬಿಗಿ ಬುಷ್ಷಲ್ಲಿ ಪಿನ್ನು ಸಿಕ್ಕಾಕೊಳ್ಳತ್ತೆ ಸಾರ್. ಪಿನ್ನು ಜಾರ್ಲಿಲ್ಲ ಅಂದ್ರೆ ಬ್ರೇಕು ಹಿಡಿಯಲ್ಲ" ಅಂದಳು. "ಕಂಪ್ಯೂಟರಿಗಾದ್ರೆ ನಾಳೆ ತಿದ್ದಿ ಕಳಿಸ್ಬೋದು. ಲಿಫ್ಟ್ ಬ್ರೇಕಿಗೆ ಎಲ್ಲಿಂದ ಅಪ್‌ಡೇಟ್ ಕಳ್ಸೋಣ?"

ರಾಜೇಂದ್ರ ಬಾಗಿಲು ಬಿಟ್ಟು ಸರಿದು ನಿಂತ. ವೇಣಿ ಡ್ರಾಯರಿನಿಂದ ಹಳದಿ ಚೀಟಿಗಳ ಕಟ್ಟು ತೆಗೆದುಕೊಂಡು ಹೊರಗೆ ಬಂದು, ಸ್ವೆಟರಿನಲ್ಲೇ ಬಿಸಿಲ ಶೆಡ್ಡಿನೊಳಗೆ ಬಗ್ಗಿ, ಒಂದೊಂದು ಕ್ರೇಟಿಗೂ ಚೀಟಿ ಕಟ್ಟಿದಳು. ಆರು ಕ್ರೇಟು, ಆರು ಗಂಟು. ಟೆಂಪೋ ಖಾಲಿ ಹೋಯಿತು.

ತೂತು ದೊಡ್ಡದಾಗಿದ್ದರೆ ಗುಜರಿಗೆ ಹೋಗಬೇಕಿತ್ತು. ಚಿಕ್ಕದಾದ್ದರಿಂದ ಒಳಗೆ ಉಜ್ಜಿ ಹಿಗ್ಗಿಸಬಹುದು. ಅದೊಂದು ಪುಣ್ಯ. ಇನ್ನೂರ ನಲವತ್ತನ್ನೂ ಉಜ್ಜಲು ಎರಡು ದಿನ ಬೇಕು.

ಐದು ಗಂಟೆಗೆ ರಾಜೇಂದ್ರ ಒಂದು ಫಾರಂ ತಂದು ಅವಳ ಮೇಜಿನ ಮೇಲಿಟ್ಟ. ಸರಕು ತಡವಾದರೆ ಲಿಫ್ಟ್ ಕಂಪನಿಗೆ ಬರೆದುಕೊಡುವ ಫಾರಂ. ತಡಕ್ಕೆ ಕಾರಣ ಅಂತ ಒಂದು ಕಾಲಂ, ಕೆಳಗೆ ಅಳೆದವರ ಸಹಿ.

"ಕರೆಂಟ್ ಇರ್ಲಿಲ್ಲ ಅಂತ ಬರಿ. ಎಲ್ರೂ ಅಂಗೇ ಬರಿಯೋದು."

ವೇಣಿ ಫಾರಮನ್ನು ಎರಡು ಸಲ ಓದಿದಳು. ಆಮೇಲೆ ಬರೆದಳು. ನಾಲ್ಕು ವರ್ಷ ಅಪ್‌ಡೇಟ್ ಬರದಂತೆ ವೈರು ಕಿತ್ತಿಟ್ಟದ್ದು ನಾನು. ಒಟ್ಟಿಗೇ ಬಂದಾಗ ಸೆಟ್ಟಿಂಗ್ ಹೋಯಿತು. ಓದದೆ ಹೂಂ ಒತ್ತಿದ್ದೂ ನಾನು. ಮಾಸ್ಟರ್ ರಿಂಗ್ ಇಡದೆ ಅಳೆದೆ, ಆಮೇಲೆ ಇಟ್ಟಾಗ ಗೊತ್ತಾಯಿತು. ಬುಷ್ಷು ಬಿಗಿ ಇವೆ, ತಿದ್ದಿ ಕಳಿಸುತ್ತೇವೆ. ಕೆಳಗೆ ಸಹಿ ಹಾಕಿದಳು. ಬೆಳಗ್ಗೆಯಿಂದ ಕೇಳುತ್ತಿದ್ದ ಸಹಿ ಕೊನೆಗೂ ಬಿತ್ತು, ಆದರೆ ಬೇರೆ ಕಾಗದದ ಮೇಲೆ.

ರಾಜೇಂದ್ರ ನಿಂತೇ ಓದಿದ. "ವೈರು ಆಕ್ದೋನು ನಾನು. ಅದುನ್ನೇ ಬಿಟ್ಟಿದ್ದೀಯಲ್ಲ" ಅಂದ. ಮೊಹರು ಹೊಡೆದ.

ವೇಣಿ ಮಣಿಯ ಸವೆತವನ್ನು ಸೆಟ್ಟಿಂಗಿನಲ್ಲಿ ಮತ್ತೆ ಬರೆದು, ಉಂಗುರವಿಟ್ಟು ನೋಡಿ ಅಳೆದಳು. ಶುಕ್ರವಾರ ಸಂಜೆ ಬುಷ್ಷುಗಳು ಹಸಿರು ಚೀಟಿ ಕಟ್ಟಿಸಿಕೊಂಡು ಹೋದವು. ಕೆಲಸ ಕೈಬಿಡಲಿಲ್ಲ. ಆದರೆ ಕಂಪನಿಯಿಂದ ಒಂದು ಷರತ್ತು ಬಂತು: ಇನ್ನು ಆರು ತಿಂಗಳು ಇಪ್ಪತ್ತು ಪೀಸು ಆರಿಸಿ ಅಳೆದರೆ ಸಾಲದು. ಇನ್ನೂರ ನಲವತ್ತಿದ್ದರೆ ಇನ್ನೂರ ನಲವತ್ತನ್ನೂ ಅಳೆಯಬೇಕು. ನೀಲಿ ವೈರು ಗೋಡೆಯಲ್ಲೇ ಇರಬೇಕು. ಹಾಗಾಗಿ ವೇಣಿ ಈಗ ಮೊದಲಿಗಿಂತ ಎರಡು ಗಂಟೆ ಜಾಸ್ತಿ ಗಾಜಿನೊಳಗೆ ಕೂರುತ್ತಾಳೆ. ರಾಜೇಂದ್ರ ಕೆಲಸದ ಮಾತು ಬಿಟ್ಟು ಬೇರೆ ಆಡುವುದಿಲ್ಲ. ಮೊದಲು ದಿನಾ ಹೊಸ್ತಿಲಲ್ಲಿ ನಿಂತು ಊಟ ಆಯ್ತಾ ಅಂತ ಕೇಳುತ್ತಿದ್ದ.

"ಖರೆ ಬರದಿದ್ದಕ್ಕ ಆರು ತಿಂಗಳ ಸಜಾ ಆತಲ್ರಿ ಅಕ್ಕಾರ" ಅಂದ ಮುತ್ತಣ್ಣ.

"ಸುಳ್ಳು ಬರೆದಿದ್ರೆ ಎಷ್ಟಾಗ್ತಿತ್ತೋ" ಅಂದಳು ವೇಣಿ.

ಆ ಭಾನುವಾರ ಟೆರೇಸಿನಲ್ಲಿ ಕೃಪಾ ಸುದ್ದಿ ತಂದಿದ್ದಳು. ಸೆಟ್ಟಿಂಗ್ ಕಳೆದುಕೊಂಡದ್ದು ವೇಣಿಯ ಕಂಪ್ಯೂಟರು ಒಂದೇ ಅಲ್ಲವಂತೆ, ಬಹಳ ಕಡೆ ಹಾಗಾಗಿದೆಯಂತೆ. ಆ ಸಾಫ್ಟ್‌ವೇರಿನವರು ತಪ್ಪು ಒಪ್ಪಿಕೊಂಡು ಸರಿಮಾಡಿದ್ದಾರಂತೆ.

"ಎಲ್ಲಿದೆ ಸರಿಮಾಡಿದ್ದು?"

"ಮುಂದಿನ ಅಪ್‌ಡೇಟಲ್ಲಿ ಬರತ್ತೆ" ಅಂತ ಹೇಳಿ ಕೃಪಾ ವೇಣಿಯ ಮುಖ ನೋಡಿ ಕ್ಲಿಪ್ಪು ಕಚ್ಚಿಕೊಂಡೇ ನಕ್ಕಳು. ವೇಣಿಗೂ ನಗು ಬಂತು, ತಡವಾಗಿ. ನಗು ನಿಂತ ಮೇಲೆ ಕೃಪಾ ಕೇಳಿದಳು: "ಈಗ ಹೇಳಿ ಅಕ್ಕ. ನಮ್ದಕ್ಕೆ ಹಳದಿ ಚೀಟಿನಾ, ಕೆಂಪಾ?"

ವೇಣಿ ಒದ್ದೆ ಸ್ವೆಟರನ್ನು ಹಗ್ಗದ ಮೇಲೆ ಹರವಿ ಎರಡೂ ತೋಳು ಎಳೆದಳು. "ನಿಮ್ಮೋರದ್ದು ಕೆಟ್ಟ ಕೆಲ್ಸ ಅನ್ನೋ ಮಾತು ನಾನು ವಾಪಸ್ ತಗೊಳಲ್ಲ ಕಣೇ. ಆದ್ರೆ ಆ ಬುಷ್ಷಿಗೆ ಹಳದಿ ಕಟ್ಟಿದ್ನಲ್ಲ, ಅವತ್ತು ಅದಕ್ಕಿಂತ ಒಳ್ಳೆ ಕೆಲ್ಸ ಆ ಶೆಡ್ಡಲ್ಲಿ ಇನ್ನೊಂದು ಆಗ್ಲಿಲ್ಲ."

ಈಗ ಅಳತೆಯ ಕೋಣೆಯ ಕಂಪ್ಯೂಟರಿನ ಮೂಲೆಗೆ ಒಂದು ಹಳದಿ ಚೀಟಿ ನೇತಾಡುತ್ತಿದೆ. ತಿಂಗಳಿಗೊಮ್ಮೆ ಚುಕ್ಕಿಗಳ ಚಕ್ರ ಸುತ್ತಿ ನಿಂತಾಗ ವೇಣಿ ಪರದೆಯ ಪ್ರತಿ ಚೌಕವನ್ನೂ ಎರಡೆರಡು ಸಲ ಓದಿ, ಉಂಗುರವಿಟ್ಟು, ಇಪ್ಪತ್ತೈದು ಬಂದ ಮೇಲೆ ಚೀಟಿಯಲ್ಲಿ ತಾರೀಖು ಬರೆಯುತ್ತಾಳೆ. ಎರಡು ಗೆರೆ ಎರಡೇ ತಿಂಗಳಲ್ಲಿ ಮುಗಿದವು. ಮೂರನೇ ಸಲ ಅವಳು ಕೆಂಪು ಡಬ್ಬದ ಕಡೆ ಒಮ್ಮೆ ನೋಡಿ, ಇನ್ನೊಂದು ಹಳದಿ ಚೀಟಿ ತಂದು ಕೆಳಗೆ ಅಂಟಿಸಿದಳು. ಆಮೇಲೆ ಇನ್ನೊಂದು. ಚೀಟಿಯ ಬಾಲ ಈಗ ಮೇಜು ಮುಟ್ಟುತ್ತಿದೆ.